ತಿಪಟೂರಲ್ಲಿ ಸೈಟು, ತೋಟ, ಮನೆ: ಅಂಗಡಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಸಣ್ಣ ಮಳಿಗೆ ನನ್ನದು. ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ತಾಲ್ಲೂಕಿನ ನಕಾಶೆ. ಸೈಟು, ಮನೆ, ತೋಟ, ಬಾಡಿಗೆ ಎಲ್ಲದರಲ್ಲೂ ಮಧ್ಯಸ್ಥಿಕೆ ಮಾಡುತ್ತೇನೆ. ಬರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಅವವೇ ಆದ್ದರಿಂದ ಬರೆದಿಟ್ಟಿದ್ದೇನೆ. ಓದಿಕೊಂಡು ಬನ್ನಿ, ಉಳಿದದ್ದನ್ನು ಕೂತು ಮಾತಾಡೋಣ. ಕಾನೂನಿನ ವಿಷಯದಲ್ಲಿ ಕೊನೆಯ ಮಾತು ನಿಮ್ಮ ವಕೀಲರದ್ದೇ ಆಗಿರಲಿ.

ನಿಮ್ಮ ಕಮಿಷನ್ ಎಷ್ಟು?

ಸೈಟು, ಮನೆ ಆದರೆ ಕೊಳ್ಳುವವರಿಂದ ನೂರಕ್ಕೆ ಒಂದು, ಮಾರುವವರಿಂದ ನೂರಕ್ಕೆ ಒಂದು. ತೋಟ, ಹೊಲ ಆದರೆ ಎರಡೆರಡು. ಅಲ್ಲಿ ಓಡಾಟ ಜಾಸ್ತಿ, ಕಾಗದ ಜಾಸ್ತಿ, ಸಹಿ ಹಾಕಬೇಕಾದ ಜನವೂ ಜಾಸ್ತಿ. ಬಾಡಿಗೆ ಮನೆಗೆ ಒಂದು ತಿಂಗಳ ಬಾಡಿಗೆ. "ಆ ಜಮೀನು ಕೊಡ್ತಾರಂತೆ" ಎಂದು ಮೊದಲು ಸುದ್ದಿ ತಂದವರಿಗೆ ನನ್ನ ಪಾಲಿನಿಂದಲೇ ಕೊಡುತ್ತೇನೆ. ಟೀ ಅಂಗಡಿಯವರು, ಲೈನ್‌ಮನ್, ಕಾಯಿ ಸುಲಿಯುವವರು, ಹಾಲಿನ ಡೇರಿಯ ಹುಡುಗ, ಇವರೆಲ್ಲರ ಕಿವಿ ನನ್ನ ಕಿವಿಗಿಂತ ಚುರುಕು. ಅವರಿಗೆ ಬೇರೆಯಾಗಿ ಕೊಡಬೇಕಾ ಎಂದು ನೀವು ಕೇಳಬೇಕಿಲ್ಲ.

ದುಡ್ಡು ರಿಜಿಸ್ಟ್ರಿ ದಿನ ಕೊಟ್ಟರೆ ಸಾಕು. ಅಡ್ವಾನ್ಸ್ ದಿನವೇ ಕಮಿಷನ್ ಕೇಳುವವರನ್ನು ಸ್ವಲ್ಪ ದೂರ ಇಡಿ.

ಬರೀ ಜಾಗ ತೋರಿಸಿದ್ದಕ್ಕೆ ಇಷ್ಟೊಂದಾ?

ಜಾಗ ತೋರಿಸುವುದು ಅರ್ಧ ದಿನದ ಕೆಲಸ, ಅದಕ್ಕೆ ಬೈಕಿನ ಪೆಟ್ರೋಲು ಕೊಟ್ಟರೂ ಸಾಕು. ಸಹಿ ಹಾಕಬೇಕಾದವರನ್ನೆಲ್ಲ ಒಂದೇ ದಿನ ಒಂದೇ ಕಚೇರಿಗೆ ಕರೆತರುವುದಕ್ಕೆ ಕೆಲವೊಮ್ಮೆ ಒಂದು ವರ್ಷ ಹಿಡಿಯುತ್ತದೆ. ನೀವು ಕೊಡುವ ದುಡ್ಡು ಅದಕ್ಕೆ.

ಹೊನ್ನವಳ್ಳಿ ಕಡೆಯ ಒಂದು ತೋಟದ ವ್ಯವಹಾರ ಹೇಳುತ್ತೇನೆ. ಅಣ್ಣ ಊರಲ್ಲಿ, ತಮ್ಮ ಪೀಣ್ಯದ ಫ್ಯಾಕ್ಟರಿಯಲ್ಲಿ, ತಂಗಿ ಹುಳಿಯಾರಿನಲ್ಲಿ. ಬೆಲೆ ಮೂವರಿಗೂ ಒಪ್ಪಿಗೆ, ಕಾಗದವೂ ಶುದ್ಧ. ಆದರೂ ತಮ್ಮ ಬರಲೊಲ್ಲ. ಇನ್ನೂ ಹೆಚ್ಚು ಬೇಕಂತೆ ಎಂದು ಅಣ್ಣ ಊರೆಲ್ಲ ಹೇಳಿಕೊಂಡು ತಿರುಗಿದರು. ನಾನು ಪೀಣ್ಯಕ್ಕೆ ಹೋಗಿ ಕೂತೆ. ಅವರಿಗೆ ಬೇಕಾಗಿದ್ದದ್ದು ದುಡ್ಡಲ್ಲ. ಅಪ್ಪನ ತಿಥಿಗೆ ತಾನು ಬರುವುದರೊಳಗೆ ಎಡೆ ಇಟ್ಟುಬಿಟ್ಟರು ಎಂಬ ಸಿಟ್ಟು ಒಳಗೇ ಇತ್ತು. ಅದನ್ನು ಅಣ್ಣನಿಗೆ ತಲುಪಿಸಿದೆ. ಅಣ್ಣ ಫೋನ್ ಮಾಡಿದರು, ಹತ್ತು ನಿಮಿಷ ಇಬ್ಬರೂ ಬೈದಾಡಿಕೊಂಡರು, ಮುಂದಿನ ವಾರ ರಿಜಿಸ್ಟ್ರಿ ಆಯಿತು. ಪಹಣಿಯಲ್ಲಿ ಇಂಥದ್ದಕ್ಕೆ ಕಾಲಂ ಇಲ್ಲ ನೋಡಿ.

ಮೊದಲು ಯಾವ ಕಾಗದ ನೋಡಬೇಕು?

ಕೃಷಿ ಜಮೀನಾದರೆ ಮೊದಲು ಪಹಣಿ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು, ಹನ್ನೊಂದರಲ್ಲಿ ಸಾಲ ಸೋಲ, ಹನ್ನೆರಡರಲ್ಲಿ ಸಾಗುವಳಿ. ಹೆಚ್ಚಿನವರು ಒಂಬತ್ತನ್ನು ನೋಡಿ ನಿಲ್ಲಿಸುತ್ತಾರೆ. ಹನ್ನೊಂದನ್ನು ನಿಧಾನವಾಗಿ ಓದಿ. ಸೊಸೈಟಿ ಸಾಲ, ಬ್ಯಾಂಕಿನ ಆಧಾರ, ಕೋರ್ಟಿನ ತಡೆಯಾಜ್ಞೆ ಎಲ್ಲ ಅಲ್ಲೇ ಇರುತ್ತದೆ. ಪಹಣಿಯಲ್ಲಿ ಹೆಸರು ಬಂದದ್ದು ಹೇಗೆ ಎನ್ನುವುದಕ್ಕೆ ಮ್ಯುಟೇಶನ್ ಪ್ರತಿ ತೆಗೆಸಿ: ಕ್ರಯವೋ, ಪೌತಿಯೋ (ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದದ್ದು), ವಿಭಾಗವೋ, ದಾನವೋ. ಅಲ್ಲಿಂದ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಕೈಬರಹದ ಪಹಣಿ ತನಕ ಕೊಂಡಿ ತಪ್ಪದೆ ಬಂದರೆ ಒಳ್ಳೆಯದು.

ಆಮೇಲೆ ಇಸಿ, ಅಂದರೆ ಋಣಭಾರ ಪತ್ರ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಆದರೆ ನೋಂದಣಿಯಾದ ವ್ಯವಹಾರ ಮಾತ್ರ ಇಸಿಯಲ್ಲಿ ಬರುತ್ತದೆ. ಸ್ಟಾಂಪ್ ಪೇಪರ್ ಮೇಲೆ ಬರೆದು ಪೆಟ್ಟಿಗೆಯಲ್ಲಿಟ್ಟ ಕರಾರು, ಕೈಸಾಲದ ಬಾಂಡು, ಬಾಯಿಮಾತಿನ ಭಾಗ ಇವು ಬರುವುದಿಲ್ಲ. ಅವನ್ನು ತಿಳಿಯಬೇಕಾದರೆ ಪಕ್ಕದ ತೋಟದವರ ಹತ್ತಿರ ಒಂದು ಗಂಟೆ ಕೂರಬೇಕು. ಪಕ್ಕದವರು ಎಲ್ಲವನ್ನೂ ಹೇಳುತ್ತಾರೆ, ಕೇಳದ್ದನ್ನೂ ಸೇರಿಸಿ.

ಊರೊಳಗಿನ ಸೈಟು, ಮನೆ ಆದರೆ ಇ-ಖಾತಾ, ಅಂದರೆ ನಗರಸಭೆಯ ಆನ್‌ಲೈನ್ ಖಾತೆ. 2024ರ ಅಕ್ಟೋಬರ್‌ನಿಂದೀಚೆಗೆ ನಗರ ಪ್ರದೇಶದ ಆಸ್ತಿಗೆ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಪಂಚಾಯಿತಿ ವ್ಯಾಪ್ತಿಯದ್ದಾದರೆ ಇ-ಸ್ವತ್ತಿನ, ಅಂದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯ, ನಮೂನೆ 9 ಮತ್ತು 11. ಅದರಲ್ಲೂ 11ಎ ಬೇರೆ, 11ಬಿ ಬೇರೆ: 11ಎ ಅಧಿಕೃತ ಆಸ್ತಿಗೆ, 11ಬಿ ಅನಧಿಕೃತ ಆಸ್ತಿಗೆ. ಸುಮ್ಮನೆ "ಇ-ಸ್ವತ್ತು ಆಗಿದೆ" ಎಂದರೆ ಯಾವ ನಮೂನೆ ಎಂದು ಕೇಳಿ.

ಒಂದು ಗುಂಟೆ ಅಂದರೆ ಎಷ್ಟು ಅಡಿ?

33 ಅಡಿಗೆ 33 ಅಡಿ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. 30x40ರ ಸೈಟು ಒಂದು ಗುಂಟೆಗಿಂತ ಸ್ವಲ್ಪ ದೊಡ್ಡದು.

ಅಪ್ಪನ ಜಮೀನು ಮಾರಲು ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಬೇಕೇ ಬೇಕಾ?

ಬೇಕು. ಈ ಪ್ರಶ್ನೆ ಕೇಳುವವರು "ಬೇಡ" ಎಂಬ ಉತ್ತರ ಕೇಳಲೆಂದೇ ಬಂದಿರುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಆಸ್ತಿಯಾಗಿ, ಅಪ್ಪ ಬದುಕಿದ್ದು, ಅವರೇ ಮಾರುತ್ತಿದ್ದರೆ ಯಾವ ಮಕ್ಕಳ ಸಹಿಯೂ ಕಾನೂನಿಗೆ ಬೇಕಿಲ್ಲ. ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ, ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಪ್ಪನ ತಾಯಿ ಇದ್ದರೆ ಅವರು, ಎಲ್ಲರಿಗೂ ಸಮ ಪಾಲು. ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ಕರ್ನಾಟಕ ಈ ದಾರಿಯನ್ನು 1994ರಲ್ಲೇ ತೆರೆದಿತ್ತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರಿಗೆ ಅದು ಸಿಗುತ್ತಿರಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಅಪ್ಪ ಆ ತಿದ್ದುಪಡಿಗಿಂತ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಮಾರಾಟ, ಉಯಿಲು, ನೋಂದಣಿಯಾದ ಇಲ್ಲವೇ ಕೋರ್ಟಿನಿಂದಾದ ವಿಭಾಗ ಇವನ್ನು ಮಾತ್ರ ಕಾನೂನು ಮುಟ್ಟಿಲ್ಲ.

ಕಾನೂನು ಇಷ್ಟು. ಇನ್ನು ನಮ್ಮ ಸೀಮೆಯ ಪದ್ಧತಿ. "ಮದುವೆಗೆ ಖರ್ಚು ಮಾಡಿದ್ದೀವಿ, ಗೌರಿ ಹಬ್ಬಕ್ಕೆ ಬಾಗಿನ ಕೊಡ್ತೀವಿ, ಅವಳು ಸಹಿ ಹಾಕೇ ಹಾಕ್ತಾಳೆ ಬಿಡಿ" ಎನ್ನುತ್ತಾರೆ ಅಣ್ಣಂದಿರು. ಹಾಕುತ್ತಾರೆ ಕೂಡ. ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತ ಎಷ್ಟೋ ಅಕ್ಕಂದಿರಿಗೆ ಆ ಜಮೀನು ಎಷ್ಟಕ್ಕೆ ಹೋಗುತ್ತಿದೆ ಎಂದೇ ಗೊತ್ತಿರುವುದಿಲ್ಲ. ಸಹಿ ಹಾಕಿಸಿ, ಹೋಟೆಲಿನಲ್ಲಿ ದೋಸೆ ತಿನ್ನಿಸಿ, ಸೀರೆಯ ಕವರು ಕೈಗಿಟ್ಟು ಬಸ್ಸು ಹತ್ತಿಸುತ್ತಾರೆ. ತವರು ಉಳಿಯಲಿ ಎಂದು ಅವರೂ ಸುಮ್ಮನಿರುತ್ತಾರೆ.

ನನ್ನ ಅಂಗಡಿಯಿಂದ ಆಗುವ ವ್ಯವಹಾರದಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಮಾತುಕತೆಯ ದಿನವೇ ಹೆಣ್ಣುಮಕ್ಕಳಿಗೆ ನಾನೇ ಫೋನ್ ಮಾಡಿ ಬೆಲೆ ಹೇಳುತ್ತೇನೆ. ಬೇಡವೆಂದು ಬಿಟ್ಟುಕೊಡುವುದು ಅವರಿಷ್ಟ, ಆದರೆ ಎಷ್ಟನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ಗೊತ್ತಿರಲಿ. ಪಾಲು ಕೊಡುವುದಾದರೆ ಚೆಕ್‌ನಲ್ಲಿ ಕೊಟ್ಟು, ಕ್ರಯಪತ್ರದಲ್ಲೇ ಬರೆಸಿ. ಇದರಿಂದ ಕೆಲವು ಅಣ್ಣಂದಿರು ನನ್ನ ಅಂಗಡಿಗೆ ಬರುವುದನ್ನು ಬಿಟ್ಟಿದ್ದಾರೆ. ಕೊಳ್ಳುವವರು ಮಾತ್ರ ಜಾಸ್ತಿಯಾಗಿದ್ದಾರೆ, ಏಕೆಂದರೆ ನಾಳೆ ಸಮನ್ಸ್ ಬರುವುದು ಅವರ ಮನೆಗೆ.

ಮೈನರ್ ಮಕ್ಕಳ ಹೆಸರಿಗೇ ಬಂದ ಆಸ್ತಿಯಾದರೆ ತಾಯಿತಂದೆ ಸಹಿ ಹಾಕಿದರೂ ಸಾಲದು, ನ್ಯಾಯಾಲಯದ ಅನುಮತಿ ಬೇಕು.

ತಿಪಟೂರಲ್ಲಿ ಜಾಗದ ರೇಟು ಏರುವುದು ಇಳಿಯುವುದು ಯಾವುದರ ಮೇಲೆ?

ಕೊಬ್ಬರಿ ಮೇಲೆ. ಬೆಂಗಳೂರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಪಿಎಂಸಿಯಲ್ಲಿ ಕ್ವಿಂಟಲ್ ಬೆಲೆ ಏರಿದರೆ ಮಗಳ ಮದುವೆ, ಆಮೇಲೆ ಪೇಟೆಯಲ್ಲಿ ಒಂದು ಸೈಟು, ಆಮೇಲೆ ಮನೆ ಪಾಯ. ಇಳಿದರೆ ಅದೇ ಸೈಟಿನ ಪತ್ರ ಜೆರಾಕ್ಸ್ ಆಗಿ ನನ್ನ ಮೇಜಿಗೆ ಬರುತ್ತದೆ. ಉಂಡೆ ಕೊಬ್ಬರಿಯ ಗುಣವೇ ಹಾಗೆ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಒಣಗಬೇಕು, ಒಳಗೆ ಲೊಡಲೊಡ ಅನ್ನಬೇಕು. ಹಾಗಾಗಿ ರೈತನ ಹಣ ವರ್ಷಪೂರ್ತಿ ಅಟ್ಟದಲ್ಲೇ ಇರುತ್ತದೆ. ಅಟ್ಟ ತುಂಬಿದವರು ಚೌಕಾಸಿಗೆ ಕೂತರೆ ಅವಸರ ಮಾಡುವುದಿಲ್ಲ. ಖಾಲಿಯಾದವರು "ಎಷ್ಟಕ್ಕಾದರೂ ಆಗಲಿ" ಎನ್ನುತ್ತಾರೆ. ಮಾರುವವರ ಮನೆಗೆ ಹೋದಾಗ ನಾನು ಮೊದಲು ಅಟ್ಟ ನೋಡುತ್ತೇನೆ, ಆಮೇಲೆ ಪಹಣಿ.

ಎರಡನೆಯದು ನೀರು. ಹೇಮಾವತಿ ನಾಲೆಗೆ ಹತ್ತಿರದ ಜಮೀನಿಗೂ ಮಳೆ ನಂಬಿದ ಕಡೆಯ ಜಮೀನಿಗೂ ಅಜಗಜಾಂತರ. ಮೂರನೆಯದು ವದಂತಿ. ಬೈಪಾಸ್ ಬರುತ್ತದಂತೆ, ಕಾಲೇಜು ಬರುತ್ತದಂತೆ, ಫ್ಯಾಕ್ಟರಿ ಬರುತ್ತದಂತೆ. ಅದು ಸರ್ಕಾರಿ ಗೆಜೆಟ್‌ನಲ್ಲಿ ಬರುವ ತನಕ ಅದಕ್ಕೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ರಿಜಿಸ್ಟ್ರೇಷನ್‌ಗೆ ಒಟ್ಟು ಎಷ್ಟು ಖರ್ಚು?

ನಗರಸಭೆ ವ್ಯಾಪ್ತಿಯಲ್ಲಿ 20 ಲಕ್ಷದ ಸೈಟು ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 1 ಲಕ್ಷ. ಅದರ ಮೇಲೆ ಶೇ 10 ಸೆಸ್, 10,000. ಶೇ 2 ಸರ್ಚಾರ್ಜ್, 2,000. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಹಾಗಾಗಿ 40,000. ಒಟ್ಟು 1,52,000. ಹಳ್ಳಿ ವ್ಯಾಪ್ತಿಯಲ್ಲಿ ಸರ್ಚಾರ್ಜ್ ಶೇ 3, ಸಾವಿರ ರೂಪಾಯಿ ಹೆಚ್ಚು. ಪತ್ರ ಬರೆಯುವವರ ಶುಲ್ಕ ಬೇರೆ. ಈ ಲೆಕ್ಕ ಮಾರ್ಗಸೂಚಿ ಬೆಲೆ (ಸರ್ಕಾರ ಗೊತ್ತುಮಾಡಿದ ಬೆಲೆ, ಜನ ಗೈಡೆನ್ಸ್ ವ್ಯಾಲ್ಯೂ ಎನ್ನುವುದು ಇದನ್ನೇ) ಅಥವಾ ನೀವು ಕೊಟ್ಟ ಬೆಲೆ, ಯಾವುದು ಜಾಸ್ತಿಯೋ ಅದರ ಮೇಲೆ.

ಈಗ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಇಲ್ಲಿ ರಶ್ ಇದ್ದರೆ ತುರುವೇಕೆರೆಗೆ ಹೋಗಿ ಬರುತ್ತೇವೆ.

ಗೈಡೆನ್ಸ್ ವ್ಯಾಲ್ಯೂಗೆ ಮಾತ್ರ ರಿಜಿಸ್ಟರ್ ಮಾಡಿಸಿ ಉಳಿದದ್ದು ಕ್ಯಾಶ್ ಕೊಡಬಹುದಾ?

ಎಲ್ಲರೂ ಮೆಲ್ಲಗೆ ಕೇಳುವ ಪ್ರಶ್ನೆ, ಜೋರಾಗಿಯೇ ಉತ್ತರಿಸುತ್ತೇನೆ: ಬೇಡ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ಮೊತ್ತದ ದಂಡ ಬೀಳಬಹುದು. 2023ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಬೆಲೆ ಪರಿಷ್ಕರಣೆಯಾದ ಮೇಲೆ ನಮ್ಮಲ್ಲಿ ಎಷ್ಟೋ ಕಡೆ ಹಿಂದಿದ್ದಷ್ಟು ಅಂತರವೂ ಉಳಿದಿಲ್ಲ. ಮುದ್ರಾಂಕದಲ್ಲಿ ಉಳಿಸಿದ್ದನ್ನು ನಾಳೆ ನೀವು ಮಾರುವಾಗ ಲಾಭದ ತೆರಿಗೆಯಲ್ಲಿ ಕಟ್ಟುತ್ತೀರಿ, ಏಕೆಂದರೆ ಕಾಗದದಲ್ಲಿ ನೀವು ಕೊಂಡದ್ದು ಕಡಿಮೆಗೆ. ಬ್ಯಾಂಕಿನವರೂ ಪತ್ರದಲ್ಲಿ ಬರೆದಷ್ಟಕ್ಕೇ ಸಾಲ ಕೊಡುವುದು. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಸೈಟು, ಮನೆ ವ್ಯವಹಾರವಾದರೆ ಶೇ 1 ಟಿಡಿಎಸ್ ಹಿಡಿದು ಕಟ್ಟುವ ಜವಾಬ್ದಾರಿ ಕೊಳ್ಳುವವರದ್ದು, ಅದನ್ನು ಮರೆಯಬೇಡಿ.

ರೆವಿನ್ಯೂ ಸೈಟು ಅರ್ಧ ಬೆಲೆಗೆ ಸಿಗ್ತಿದೆ. ತಗೊಳ್ಳಲಾ?

ಅರ್ಧ ಬೆಲೆಗೆ ಸಿಗುವುದು ಅರ್ಧ ಸೈಟು. ತೋಟವನ್ನು ಭೂಪರಿವರ್ತನೆ ಮಾಡಿಸದೆ, ಲೇಔಟ್ ಅನುಮೋದನೆ ಇಲ್ಲದೆ, ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟರೆ ಕಾನೂನಿನ ಲೆಕ್ಕದಲ್ಲಿ ಅದು ಇನ್ನೂ ತೋಟವೇ. ಹಿಂದೆ ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ಮಾಡಿಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. 2025ರಲ್ಲಿ ನಗರ ಸಂಸ್ಥೆಗಳು ಅನಧಿಕೃತ ಸೈಟುಗಳಿಗೂ ಬಿ-ಖಾತಾ ಕೊಡಲು ಶುರುಮಾಡಿದಾಗ "ಎಲ್ಲ ಸಕ್ರಮ ಆಯ್ತು" ಎಂದು ಸಿಹಿ ಹಂಚಿದವರಿದ್ದಾರೆ. ಬಿ-ಖಾತಾ ತೆರಿಗೆ ಕಟ್ಟಲು ದಾರಿ ಮಾಡಿಕೊಡುತ್ತದೆ. ಅನುಮೋದನೆಯಿಲ್ಲದ ಲೇಔಟನ್ನು ಅದು ಅನುಮೋದಿತ ಮಾಡುವುದಿಲ್ಲ.

ಆದರೂ ಇದನ್ನು ಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು ಚೀಟಿ ಕಟ್ಟಿ ಉಳಿಸಿದ ದುಡ್ಡಿಗೆ ಅನುಮೋದಿತ ಲೇಔಟಿನಲ್ಲಿ ಗೇಟಿನ ಜಾಗವೂ ಬರುವುದಿಲ್ಲ. ಅಂಥವರಿಗೆ ನಾನು ಹೇಳುವುದು, ಹಳ್ಳಿಯ ಗ್ರಾಮಠಾಣದೊಳಗಿನ, ಅಂದರೆ ಊರಿನ ಮೂಲ ವಸತಿ ಜಾಗದ, ಹಳೇ ಮನೆ ಅಥವಾ ಖಾಲಿ ನಿವೇಶನ ಹುಡುಕಿ. ಚಿಕ್ಕದಿರಲಿ, 11ಎ ಇರಲಿ.

ಬೆಂಗಳೂರಿನಲ್ಲಿದ್ದೇವೆ, ವಾರಾಂತ್ಯಕ್ಕೆ ಬಂದುಹೋಗಲು ಒಂದೆರಡು ಎಕರೆ ತೋಟ ಬೇಕು. ನಾವು ರೈತರಲ್ಲ, ಆಗುತ್ತದಾ?

2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅಲ್ಲಿಂದೀಚೆಗೆ ಶನಿವಾರ ಭಾನುವಾರ ಬರುವ ಕಾರುಗಳೇ ಜಾಸ್ತಿ. ಬರುವವರು ಎಲ್ಲರೂ ಮೊದಲು ಕೇಳುವುದು "ವ್ಯೂ ಹೇಗಿದೆ?" ನೀವು ಕೇಳಬೇಕಾದದ್ದು ಬೇರೆ.

ದಾರಿ ಇದೆಯಾ? ಕಾರು ಹೋಯಿತು ಎಂದ ಮಾತ್ರಕ್ಕೆ ದಾರಿ ಇದೆ ಎಂದಲ್ಲ. ಗ್ರಾಮ ನಕಾಶೆಯಲ್ಲಿ ದಾರಿ ಇರಬೇಕು, ಇಲ್ಲವೇ ಪಕ್ಕದವರು ನೋಂದಣಿಯಾದ ಪತ್ರದಲ್ಲಿ ಬಿಟ್ಟುಕೊಟ್ಟಿರಬೇಕು. ಮಾರುವವರ ಜೊತೆ ಪಕ್ಕದವರು ಚೆನ್ನಾಗಿದ್ದರು ಅಂತ ಬಂಡಿ ಬಿಡುತ್ತಿದ್ದರು. ನೀವು ಬಂದು ಮುಳ್ಳುತಂತಿ ಹಾಕಿದ ಮರುದಿನ ಅವರೂ ಹಾಕುತ್ತಾರೆ. ತಾಲ್ಲೂಕು ಕಚೇರಿಗೆ ಬರುವ ಜಗಳಗಳಲ್ಲಿ ದಾರಿ ಜಗಳಕ್ಕೆ ಕೊನೆ ಎಂಬುದೇ ಇಲ್ಲ.

ನೀರು ಎಷ್ಟು? ಕೊಳವೆಬಾವಿ ಇದೆ ಎಂದರೆ ಸಾಲದು. ಏಪ್ರಿಲ್, ಮೇನಲ್ಲಿ ಬಂದು ಮೋಟಾರು ಹಾಕಿಸಿ ಒಂದು ತಾಸು ನಿಂತು ನೋಡಿ. ಕರೆಂಟಿನ ಆರ್.ಆರ್. ನಂಬರ್ ಯಾರ ಹೆಸರಲ್ಲಿದೆ ಕೇಳಿ. ಒಂದೇ ಬಾವಿಯಲ್ಲಿ ಅಣ್ಣತಮ್ಮಂದಿರಿಗೆ ದಿನ ಬಿಟ್ಟು ದಿನ ಪಾಳಿ ಇದ್ದರೆ ಆ ಪಾಳಿಯೂ ನಿಮಗೆ ಬರುತ್ತದೆ.

ಮರ ಹೇಗಿವೆ? ನಮ್ಮಲ್ಲಿ ಎಕರೆಗೆ ನಲವತ್ತರಿಂದ ಐವತ್ತು ತೆಂಗು ಲೆಕ್ಕ. ಸುಳಿ ನೋಡಿ, ಕಾಂಡದಲ್ಲಿ ಕಂದು ರಸ ಸೋರುತ್ತಿದೆಯೇ ನೋಡಿ, ಗರಿ ಸುಟ್ಟಂತಿದ್ದರೆ ಕಪ್ಪುತಲೆ ಹುಳು ಇದ್ದೀತು. ಬಿದ್ದ ಕಾಯಿ ಎತ್ತಿ ನುಸಿ ಕಲೆ ಇದೆಯೇ ನೋಡಿ. ಇದೆಲ್ಲ ಗೊತ್ತಾಗುವುದಿಲ್ಲ ಎನಿಸಿದರೆ ಆ ಊರಿನ ಮರ ಹತ್ತುವವರನ್ನು ಕರೆದುಕೊಂಡು ಹೋಗಿ, ಕೂಲಿ ಕೊಡಿ. ನನ್ನ ಮಾತಿಗಿಂತ ಅವರ ಮಾತು ನಿಜ.

ಸರ್ವೆ ನಂಬರಿನಲ್ಲಿ ಭಾಗ ಕೊಳ್ಳುತ್ತಿದ್ದರೆ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ, ಆಗಲೇಬೇಕು. ಪಹಣಿಯಲ್ಲಿರುವಷ್ಟು ಜಾಗ ನೆಲದ ಮೇಲೆ ಇರುವುದು ಅಪರೂಪ. ಅರ್ಧ ಗುಂಟೆ ಹಳ್ಳ ತಿಂದಿರುತ್ತದೆ, ಒಂದು ಗುಂಟೆ ಪಕ್ಕದವರ ಬದು ತಿಂದಿರುತ್ತದೆ. ಹದ್ದುಬಸ್ತು (ಗಡಿ ಅಳತೆ) ಮಾಡಿಸಿ ಕಲ್ಲು ನೆಟ್ಟ ಮೇಲೆ ಬಾಕಿ ಹಣ ಕೊಡಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ತೋರಿಸಿದ ತೋಟವೂ ಪತ್ರದ ತೋಟವೂ ಒಂದೇನಾ ಎಂದು ಪರೀಕ್ಷಿಸಲು ಅದು ಸಾಕು, ಗಡಿ ಗುರುತಿಸಲು ಸಾಲದು.

ಎಲ್ಲಕ್ಕಿಂತ ಮುಖ್ಯವಾಗಿ, ಜಮೀನು ಮೂಲದಲ್ಲಿ ಹೇಗೆ ಬಂತು? ಸರ್ಕಾರದಿಂದ ಮಂಜೂರಾದದ್ದಾದರೆ ಸಾಗುವಳಿ ಚೀಟಿ ಓದಿ. ಇಂತಿಷ್ಟು ವರ್ಷ ಪರಭಾರೆ ಮಾಡಕೂಡದು ಎಂಬ ಷರತ್ತು ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಕ್ರಯ ನಿಲ್ಲುವುದಿಲ್ಲ. ಜಮೀನು ವಾಪಸು ಕೇಳುವ ಅರ್ಜಿ ತಡವಾಯಿತು ಎಂಬ ಕಾರಣಕ್ಕೆ ವಜಾ ಆಗುತ್ತಿತ್ತು, ಅದಕ್ಕೆ ಕಾಲಮಿತಿ ಇಲ್ಲ ಎಂದು 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದರು. ಕೊಳ್ಳುವವರು ಇದನ್ನು ತೊಡಕು ಎನ್ನುತ್ತಾರೆ. ಕೈಸಾಲಕ್ಕೆ, ಆಸ್ಪತ್ರೆ ಖರ್ಚಿಗೆ ಎರಡೆಕರೆ ಬರೆಸಿಕೊಂಡ ಪತ್ರಗಳನ್ನು ಓದಿದವನಾಗಿ ನಾನು ಹಾಗೆ ಹೇಳಲಾರೆ. ನನ್ನ ಅಂಗಡಿಯಲ್ಲಿ ಇಂಥ ಜಮೀನನ್ನು ಅನುಮತಿಯಿಲ್ಲದೆ ಮುಟ್ಟುವುದಿಲ್ಲ.

ಕೊನೆಗೆ, ವಾರದ ಐದು ದಿನ ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲು ತೀರ್ಮಾನಿಸಿ ಬನ್ನಿ. ತೋಟದ ಮನೆ ಕಟ್ಟಿಸಿ, ಈಜುಕೊಳ ತೋಡಿಸಿ, ಮೂರನೇ ವರ್ಷಕ್ಕೆ "ಯಾರಾದ್ರೂ ಗಿರಾಕಿ ನೋಡಿ" ಎಂದು ಫೋನ್ ಮಾಡುವವರು ಬಹಳ.

ಅಮೆರಿಕದಲ್ಲಿದ್ದೇನೆ. ಊರಲ್ಲಿ ತೋಟ ಕೊಳ್ಳಬಹುದಾ?

ಅನಿವಾಸಿಯಾಗಿದ್ದರೂ ಓಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರು) ಆಗಿದ್ದರೂ ಕೃಷಿ ಜಮೀನು, ಪ್ಲಾಂಟೇಷನ್, ತೋಟದ ಮನೆ ಕೊಳ್ಳುವಂತಿಲ್ಲ. ಅಪ್ಪ ಅಮ್ಮನಿಂದ ಉತ್ತರಾಧಿಕಾರವಾಗಿ ಬಂದರೆ ಇಟ್ಟುಕೊಳ್ಳಬಹುದು, ಇಲ್ಲಿ ವಾಸವಿರುವ ಭಾರತೀಯರಿಗೆ ಮಾರಬಹುದು. ಸೈಟು, ಮನೆ ಕೊಳ್ಳಲು ಅಡ್ಡಿಯಿಲ್ಲ. ಬರಲಾಗದಿದ್ದರೆ ಅಲ್ಲಿನ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಿ. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿಸಬೇಕು. ಯಾರ ಹೆಸರಿಗೆ ಬರೆಯುತ್ತೀರಿ ಎನ್ನುವುದನ್ನು ಮಾತ್ರ ನನ್ನನ್ನು ಕೇಳಬೇಡಿ. ನಿಮ್ಮ ಭಾವಮೈದುನರ ಬಗ್ಗೆ ನಾನೇನು ಹೇಳಲಿ?

ವಾಸ್ತು ಚೆನ್ನಾಗಿದೆಯಾ?

ಪೂರ್ವ, ಉತ್ತರ ಮುಖದ ಸೈಟಿಗೆ ಇಲ್ಲಿ ಬೆಲೆ ಹೆಚ್ಚು, ದಕ್ಷಿಣ ಮುಖದ್ದು ಕಡಿಮೆಗೆ ಸಿಗುತ್ತದೆ. ಬೀದಿ ನೇರವಾಗಿ ಬಂದು ಮುಟ್ಟುವ ಸೈಟನ್ನು ಮುಟ್ಟಲೊಲ್ಲರು. ಕಾನೂನಿಗೆ ಇದೆಲ್ಲ ಗೊತ್ತಿಲ್ಲ, ಆದರೆ ನಾಳೆ ನೀವು ಮಾರುವಾಗ ಕೊಳ್ಳುವವರಿಗೆ ಗೊತ್ತಿರುತ್ತದೆ. ನಂಬಿಕೆ ಇಲ್ಲದವರಿಗೆ ನನ್ನ ಸಲಹೆ, ದಕ್ಷಿಣ ಮುಖದ್ದು ಕೊಂಡು ಉಳಿದ ದುಡ್ಡಲ್ಲಿ ಒಂದು ಕೋಣೆ ಜಾಸ್ತಿ ಕಟ್ಟಿಸಿ.

ಬಾಡಿಗೆ ಮನೆ ಕೇಳಿದರೆ "ಯಾವ ಜನ?" ಅಂತ ಯಾಕೆ ಕೇಳ್ತೀರಿ?

ಮನೆ ಮಾಲೀಕರು ಕೇಳುತ್ತಾರೆ. ಕೆಲವರು ನೇರವಾಗಿ, ಕೆಲವರು "ನಾನ್‌ವೆಜ್ ಮಾಡ್ತಾರಾ?" ಎಂದು ಸುತ್ತು ಬಳಸಿ, ಕೆಲವರು ಊರು, ಬೀದಿ, ತಂದೆಯ ಹೆಸರು ವಿಚಾರಿಸಿ. ಕೆಲಸ ಸಿಕ್ಕು ಹೊಸದಾಗಿ ಬಂದ ಮೇಷ್ಟ್ರು, ನರ್ಸು, ಬ್ಯಾಂಕಿನ ಹುಡುಗ, ಸಂಬಳದ ಚೀಟಿ ಕೈಯಲ್ಲಿ ಹಿಡಿದು ಮನೆ ಮೇಲೆ ಮನೆ ನೋಡುತ್ತಾರೆ. ಎಲ್ಲ ಒಪ್ಪಿಗೆಯಾಗಿ ಅಡ್ವಾನ್ಸ್ ಕೊಡುವ ಹೊತ್ತಿಗೆ "ನಮ್ಮ ಮಗ ಬರ್ತಾನಂತೆ, ಮನೆ ಕೊಡಲ್ಲ" ಎಂಬ ಫೋನ್ ಬರುತ್ತದೆ. ಆ ಮಗ ಎಂದೂ ಬರುವುದಿಲ್ಲ.

ನಾನು ಬಾಡಿಗೆದಾರರನ್ನು ಕೇಳುವುದನ್ನು ನಿಲ್ಲಿಸಿದ್ದೇನೆ. ಮಾಲೀಕರಿಗೆ ಮೊದಲೇ ಹೇಳುತ್ತೇನೆ, ಕೆಲಸ, ಸಂಬಳ, ಹಿಂದಿನ ಮನೆಯವರ ಫೋನ್ ನಂಬರ್ ಕೊಡುತ್ತೇನೆ, ಬೇರೆ ಕೇಳುವುದಾದರೆ ಬೋರ್ಡು ನೀವೇ ಹಾಕಿಕೊಳ್ಳಿ ಎಂದು. ನನ್ನ ಪಟ್ಟಿಯಲ್ಲಿ ಬಾಡಿಗೆ ಮನೆ ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣ. ಹಾಗೆ ಮಾಡಿದ ಮಾತ್ರಕ್ಕೆ ಊರು ಬದಲಾಯಿತೇ ಎಂದರೆ ಇಲ್ಲ.

ಭೋಗ್ಯಕ್ಕೆ ಹಾಕಿಕೊಳ್ಳಬಹುದಾ?

ಹಾಕಿಕೊಳ್ಳಿ, ಆದರೆ ಪತ್ರ ನೋಂದಣಿಯಾಗಲಿ, ಮನೆ ಮೇಲೆ ಬ್ಯಾಂಕ್ ಸಾಲ ಇದೆಯೇ ನೋಡಿ. ಸಾಲ ಕಟ್ಟದೆ ಬ್ಯಾಂಕಿನವರು ನೋಟಿಸ್ ಅಂಟಿಸಿದರೆ ನಿಮ್ಮ ಭೋಗ್ಯದ ಹಣವನ್ನು ಅವರು ಕೇಳುವುದೂ ಇಲ್ಲ, ಕೊಡುವುದೂ ಇಲ್ಲ.

ನೀವು ರೇರಾದಲ್ಲಿ ನೋಂದಾಯಿಸಿದ್ದೀರಾ?

ಹೌದು, ನಂಬರ್ ಬೋರ್ಡಿನ ಮೇಲೆ ಇದೆ. ರೇರಾ ಅಂದರೆ ರಿಯಲ್ ಎಸ್ಟೇಟ್ ವ್ಯವಹಾರದ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ. 500 ಚದರ ಮೀಟರ್ ದಾಟಿದ ಲೇಔಟ್ ರೇರಾದಲ್ಲಿ ನೋಂದಣಿಯಾಗಬೇಕು, ಅದರ ಸೈಟು ಮಾರಿಸುವ ಏಜೆಂಟರೂ ನೋಂದಾಯಿತರಿರಬೇಕು. ನೋಂದಣಿ ಇಲ್ಲದ ಲೇಔಟಿನ ಸೈಟನ್ನು ನಾನು ಮಾರಿಸುವಂತಿಲ್ಲ. ಅಂಥ ಲೇಔಟಿನಲ್ಲಿ ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳಿದರೆ ಕೊಡಬೇಡಿ, ಕಾನೂನೇ ಬೇಡ ಎಂದಿದೆ. ಹಳೇ ಮನೆ, ಒಂಟಿ ಸೈಟು, ತೋಟ ಇವಕ್ಕೆ ರೇರಾ ಬರುವುದಿಲ್ಲ.

ನಿಮ್ಮ ಮೂಲಕ ನೋಡಿ, ಆಮೇಲೆ ನೇರವಾಗಿ ಮಾಲೀಕರ ಹತ್ತಿರ ಮಾತಾಡಿಕೊಂಡರೆ?

ಮಾತಾಡಿಕೊಳ್ಳುತ್ತಾರೆ. ಸಣ್ಣ ಊರು, ಮೂರು ದಿನದೊಳಗೆ ನನಗೆ ಗೊತ್ತಾಗುತ್ತದೆ. ಜಗಳ ಆಡುವುದಿಲ್ಲ, ಏಕೆಂದರೆ ಮುಂದಿನ ವಾರ ಅವರ ಷಡ್ಡಕನ ತೋಟ ಮಾರಾಟಕ್ಕೆ ಬರುತ್ತದೆ. ಕೆಲವರು ತಿಂಗಳಾದ ಮೇಲೆ ವಾಪಸು ಬರುತ್ತಾರೆ, ಒಬ್ಬರ ಸಹಿ ಬಾಕಿ ಉಳಿದಿದೆ ಎಂದು. ಆಗ ಕಮಿಷನ್ ಎರಡು ಪರ್ಸೆಂಟ್ ಇದ್ದದ್ದು ಎರಡೇ ಇರುತ್ತದೆ.

ಆಷಾಢ, ಪಿತೃಪಕ್ಷದಲ್ಲಿ ಏನು ಮಾಡ್ತೀರಿ?

ಅಡ್ವಾನ್ಸ್ ಕೊಡುವವರು ಇರುವುದಿಲ್ಲ, ಹಾಗಾಗಿ ಕಾಗದ ಹುಡುಕುತ್ತೇನೆ. ಹಳೇ ಮ್ಯುಟೇಶನ್‌ಗೆ, ಟಿಪ್ಪಣಿ, ಆಕಾರಬಂದ್‌ನಂಥ ಸರ್ವೆ ದಾಖಲೆಗೆ ಅರ್ಜಿ ಹಾಕುವುದು, ತೀರಿಕೊಂಡವರ ಹೆಸರಲ್ಲೇ ಉಳಿದ ಪಹಣಿಗೆ ಪೌತಿ ಖಾತೆ ಮಾಡಿಸಲು ವಂಶವೃಕ್ಷ ಬರೆಸುವುದು. ಅಜ್ಜನ ಹೆಸರಲ್ಲೇ ಇರುವ ಜಮೀನು ನಮ್ಮ ಹಳ್ಳಿಗಳಲ್ಲಿ ಲೆಕ್ಕವಿಲ್ಲದಷ್ಟು. ವಂಶವೃಕ್ಷ ಬರೆಯಲು ಕೂತಾಗ "ಇನ್ನೊಬ್ಬಳು ಇದ್ದಳು, ಬಾಂಬೆಗೆ ಹೋದಳು" ಎಂದು ಅಜ್ಜಿಯೊಬ್ಬರು ಮೂಲೆಯಿಂದ ಹೇಳುತ್ತಾರೆ. ಆ ಮಾತಿಗೆ ಮನೆಯವರ ಮುಖ ನೋಡಬೇಕು. ಶ್ರಾವಣಕ್ಕೆ ಆಗಬೇಕಿದ್ದ ರಿಜಿಸ್ಟ್ರಿ ದೀಪಾವಳಿಗೆ ಹೋಗುತ್ತದೆ. ಹೋಗಲಿ, ಅವರನ್ನು ಹುಡುಕಿಯೇ ಮಾಡಿಸೋಣ ಎನ್ನುತ್ತೇನೆ.

ಮಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದಾನೆ, ಈ ಕೆಲಸಕ್ಕೆ ಹಾಕಬಹುದಾ?

ಬೈಕು, ಫೋನು, ಬಿಳಿ ಅಂಗಿ ಇದ್ದರೆ ಸಾಕು ಎಂದುಕೊಂಡು ಬರುವವರು ಬಹಳ. ಒಂದು ವ್ಯವಹಾರ ಕುದುರಿದರೆ ಮೂರು ತಿಂಗಳ ಸಂಬಳ ಬರುತ್ತದೆ ನಿಜ, ಆಮೇಲೆ ಆರು ತಿಂಗಳು ಏನೂ ಬಾರದೆ ಇರುವುದೂ ನಿಜ. ಸಾಲ ಮಾಡಿ ತಾನೇ ಅಗ್ರಿಮೆಂಟ್ ಹಾಕಿಕೊಂಡು ಲಾಭಕ್ಕೆ ಕೈಬದಲಾಯಿಸುವ ಆಸೆ ಶುರುವಾದರೆ ಮುಗಿಯಿತು. ಕಳಿಸುವುದಾದರೆ ಮೊದಲು ಪತ್ರ ಬರೆಯುವವರ ಹತ್ತಿರ ಒಂದು ವರ್ಷ ಕೂರಿಸಿ. ಹಳೇ ಕ್ರಯಪತ್ರದ ಚಕ್ಕುಬಂದಿ ಓದಿ ನೆಲದ ಮೇಲೆ ನಾಲ್ಕು ದಿಕ್ಕು ತೋರಿಸಲು ಬಂದರೆ ನನ್ನ ಹತ್ತಿರ ಕಳಿಸಿ.

ಯಾವಾಗ ಸಿಗ್ತೀರಿ? ಬರುವಾಗ ಏನು ತರಬೇಕು?

ಬೆಳಿಗ್ಗೆ ಹತ್ತರ ತನಕ ತೋಟ, ಸೈಟು ತೋರಿಸುತ್ತಿರುತ್ತೇನೆ, ಆಮೇಲೆ ತಾಲ್ಲೂಕು ಕಚೇರಿ ಅಥವಾ ಉಪನೋಂದಣಿ ಕಚೇರಿ. ಸಂಜೆ ನಾಲ್ಕರ ಮೇಲೆ ಅಂಗಡಿಯಲ್ಲಿ ಸಿಗುತ್ತೇನೆ. ಮಾರುವವರು ಪಹಣಿ ಅಥವಾ ಇ-ಖಾತಾ, ಕ್ರಯಪತ್ರ, ಇಸಿಯ ಜೆರಾಕ್ಸ್ ತನ್ನಿ. ಮೂಲ ಪತ್ರ ಮನೆಯಲ್ಲೇ ಇರಲಿ, ನನಗೂ ಕೊಡಬೇಡಿ. ಮನೆಯಲ್ಲಿ ಯಾರ್‍ಯಾರು ಇದ್ದಾರೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎನ್ನುವುದನ್ನು ಮೊದಲ ದಿನವೇ ಹೇಳಿಬಿಡಿ.